ರಾಶಿಯ ಕಾಲದಲ್ಲಿ ಹಳೆಯ ಟ್ರ್ಯಾಕ್ಟರ್ ಎಂಜಿನ್ ಅತಿಯಾಗಿ ಬಿಸಿಯಾಗುವುದು: ಕಾರಣಗಳು ಮತ್ತು ಪರಿಹಾರೋಪಾಯಗಳು

ಹುಮನಾಬಾದ್ ತಾಲ್ಲೂಕಿನ ದುಬಲಗುಂಡಿ ಹಾಗೂ ನೆರೆಯ ಬಸವಕಲ್ಯಾಣ ಭಾಗದಲ್ಲಿ ತೊಗರಿ ರಾಶಿ, ಕಬ್ಬಿನ ಸಾಗಾಣಿಕೆ ಮತ್ತು ಮಾಗಿ ಉಳುಮೆ ಒಂದರ ಬೆನ್ನಿಗೊಂದು ಬರುತ್ತವೆ. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಟ್ರ್ಯಾಕ್ಟರಿಗೆ ಬಿಡುವು ಇರುವುದಿಲ್ಲ. ಹದಿನೈದು ಇಪ್ಪತ್ತು ವರ್ಷ ದುಡಿದ ಎಂಜಿನ್ನಿನ ತಾಪಸೂಚಕ ಮುಳ್ಳು ಕೆಂಪು ಗೆರೆ ದಾಟುವುದು ಈ ಅವಧಿಯಲ್ಲಿಯೇ ಹೆಚ್ಚು. ಅರ್ಧ ರಾಶಿ ಉಳಿದಿರುವಾಗ ಒಂದು ಕೊಡ ನೀರು ಸುರಿದು ಕೆಲಸ ಮುಂದುವರಿಸುವುದು ರೂಢಿಯಾಗಿದೆ. ಬೆಲ್ಟ್ ಬಿಗಿಗೊಳಿಸಿದ್ದರೆ ಸರಿಹೋಗುತ್ತಿದ್ದ ದೋಷವು ಇದರಿಂದ ಹೆಡ್ ಬಾಗುವ, ಪಿಸ್ಟನ್ ಹಿಡಿದುಕೊಳ್ಳುವ ಹಂತಕ್ಕೆ ಹೋಗುತ್ತದೆ.

ಮುಳ್ಳು ಏರಿದ ಕೂಡಲೇ ರಾಶಿ ಯಂತ್ರದ ಅಥವಾ ನೇಗಿಲಿನ ಭಾರವನ್ನು ಬಿಡಿಸಿರಿ. ಫ್ಯಾನ್ ಬೆಲ್ಟ್ ತುಂಡಾಗಿದ್ದರೆ, ನೀರು ಪೂರ್ತಿ ಸೋರಿಹೋಗಿದ್ದರೆ ಅಥವಾ ಆಯಿಲ್ ಒತ್ತಡ ಕುಸಿದಿದ್ದರೆ ಎಂಜಿನ್ನನ್ನು ಆ ಕ್ಷಣವೇ ನಿಲ್ಲಿಸಬೇಕು. ಇವೆಲ್ಲ ಸರಿಯಿದ್ದಲ್ಲಿ ಮೂರರಿಂದ ಐದು ನಿಮಿಷ ಭಾರವಿಲ್ಲದೆ ನಿಧಾನವಾಗಿ ಓಡಲು ಬಿಡುವುದು ಉತ್ತಮ. ಏಕೆಂದರೆ ಎಂಜಿನ್ ನಿಂತೊಡನೆ ನೀರಿನ ಸಂಚಾರವೂ ನಿಲ್ಲುತ್ತದೆ, ಹೆಡ್ಡಿನಲ್ಲಿ ಸಿಕ್ಕಿಕೊಂಡ ಶಾಖವು ಅಲ್ಲಿಯೇ ನೀರನ್ನು ಕುದಿಸುತ್ತದೆ. ರೇಡಿಯೇಟರ್ ಮುಚ್ಚಳವನ್ನು ಬಿಸಿಯಿರುವಾಗ ಎಂದಿಗೂ ತೆರೆಯಬೇಡಿರಿ. ಒತ್ತಡದಲ್ಲಿರುವ ನೀರು ಮುಖಕ್ಕೆ ಚಿಮ್ಮಿ ತೀವ್ರ ಸುಟ್ಟಗಾಯವಾಗುತ್ತದೆ. ರೇಡಿಯೇಟರನ್ನು ಬರಿಗೈಯಿಂದ ಮುಟ್ಟುವಷ್ಟು ಆರಿದ ನಂತರ, ಒದ್ದೆ ಗೋಣಿಚೀಲ ಹಾಕಿ, ಮೊದಲ ಹಲ್ಲಿನವರೆಗೆ ಮಾತ್ರ ತಿರುಗಿಸಿ ಹಬೆ ಹೋಗಲು ಬಿಡಬೇಕು. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಎರಕದ ಬ್ಲಾಕ್ ಬಿರಿಯಬಹುದು.

ತೊಗರಿ ರಾಶಿಯಲ್ಲಿ ಪ್ರಥಮ ಶಂಕೆ ಹೊಟ್ಟಿನ ಮೇಲಿರಲಿ. ಟ್ರ್ಯಾಕ್ಟರ್ ಒಂದೇ ಕಡೆ ನಿಂತು ಪಿ.ಟಿ.ಓ. ಮೂಲಕ ಯಂತ್ರ ನಡೆಸುವಾಗ ಎದುರು ಗಾಳಿಯ ಆಸರೆ ಇರುವುದಿಲ್ಲ. ಫ್ಯಾನ್ ಮುಂಭಾಗದಿಂದ ಗಾಳಿಯನ್ನು ಎಳೆಯುತ್ತದೆ, ಅದರೊಂದಿಗೆ ಹಾರುವ ಹೊಟ್ಟು, ಧೂಳು, ಒಣ ಎಲೆ ರೇಡಿಯೇಟರಿನ ಸಣ್ಣ ಸಂದುಗಳಲ್ಲಿ ಕೂರುತ್ತವೆ. ಡೀಸೆಲ್ ಅಥವಾ ಆಯಿಲ್ ಜಿನುಗಿದ್ದರಂತೂ ಈ ಧೂಳು ಮೆತ್ತಿಕೊಂಡು ಗಟ್ಟಿಯಾಗುತ್ತದೆ. ಮುಂದಿನ ಜಾಲರಿಯನ್ನಷ್ಟೇ ಕೈಯಿಂದ ಒರೆಸಿದರೆ ಸಾಲದು. ಎಂಜಿನ್ ನಿಲ್ಲಿಸಿ, ಆರಿದ ಮೇಲೆ, ಫ್ಯಾನ್ ಬದಿಯಿಂದ ಹೊರಮುಖವಾಗಿ, ಅಂದರೆ ಗಾಳಿ ಬರುವ ದಿಕ್ಕಿಗೆ ವಿರುದ್ಧವಾಗಿ, ಕಡಿಮೆ ಒತ್ತಡದ ಗಾಳಿ ಅಥವಾ ನೀರು ಹಾಯಿಸಬೇಕು. ಮುಂದಿನಿಂದ ರಭಸವಾಗಿ ನೀರು ಹೊಡೆದರೆ ಹೊಟ್ಟು ಇನ್ನೂ ಒಳಗೆ ಸೇರುತ್ತದೆ, ತೆಳುವಾದ ಎಲೆಪಟ್ಟಿಗಳು ಮಡಚಿಕೊಳ್ಳುತ್ತವೆ. ರಾಶಿಯ ದಿನಗಳಲ್ಲಿ ಈ ಕೆಲಸ ಪ್ರತಿದಿನವೂ ಆಗಬೇಕು. ಸಾಧ್ಯವಿದ್ದಷ್ಟು ಟ್ರ್ಯಾಕ್ಟರನ್ನು ಹೊಟ್ಟು ಹಾರುವ ದಿಕ್ಕಿನಿಂದ ತಪ್ಪಿಸಿ ನಿಲ್ಲಿಸಿರಿ.

ಹೊರಭಾಗ ಶುದ್ಧವಾಗಿದ್ದರೂ ಬಿಸಿಯಾಗುತ್ತಿದ್ದರೆ, ಎಂಜಿನ್ ನಿಲ್ಲಿಸಿ ಫ್ಯಾನ್ ಬೆಲ್ಟನ್ನು ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿ ನೋಡಿರಿ. ಸಾಮಾನ್ಯವಾಗಿ 10 ರಿಂದ 15 ಮಿ.ಮೀ. ಬಗ್ಗಬೇಕು. ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರದಿಂದ ನೀರು ಹನಿಯುತ್ತಿದ್ದರೆ ಅದರ ಸೀಲ್ ಸವೆದಿದೆ ಎಂದರ್ಥ. ಆ ರಂಧ್ರವನ್ನು ಮುಚ್ಚುವುದು ಪರಿಹಾರವಲ್ಲ. ಕೆಳಗಿನ ಹೋಸ್ ಪೈಪ್ ಹಳೆಯದಾಗಿ ಮೆತ್ತಗಾಗಿದ್ದರೆ ಪಂಪಿನ ಎಳೆತಕ್ಕೆ ಒಳಕ್ಕೆ ಚಪ್ಪಟೆಯಾಗಿ ನೀರನ್ನು ತಡೆಯುತ್ತದೆ. ನಿಂತ ಎಂಜಿನ್ನಿನಲ್ಲಿ ಇದು ಕಾಣದು, ವೇಗ ಏರಿಸಿದಾಗ ದೂರದಿಂದ ಗಮನಿಸಬೇಕು.

ಕೊಳವೆಬಾವಿಯ ಗಡಸು ನೀರನ್ನೇ ವರ್ಷಗಟ್ಟಲೆ ತುಂಬುತ್ತ ಬಂದ ಎಂಜಿನ್ನುಗಳಲ್ಲಿ ದೋಷವು ಒಳಗಿರುತ್ತದೆ. ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ಬಿಸಿಗೆ ಬೇರ್ಪಟ್ಟು, ಮನೆಯ ನೀರು ಕಾಯಿಸುವ ಹಂಡೆಯಲ್ಲಿ ಕಟ್ಟುವಂತೆಯೇ ಬಿಳಿಯ ಪದರ ಕಟ್ಟುತ್ತವೆ. ಈ ಪದರದ ಮೂಲಕ ಶಾಖ ಹಾಯುವುದು ಕಬ್ಬಿಣದ ಮೂಲಕ ಹಾಯುವುದಕ್ಕಿಂತ ಬಹಳ ನಿಧಾನ. ಪ್ರತಿ ಬಾರಿ ಹೊಸ ನೀರು ಸೇರಿಸಿದಾಗಲೂ ಹೊಸ ಲವಣ ಸೇರುತ್ತದೆ. ಆದ್ದರಿಂದ ಸೋರಿಕೆಯನ್ನು ನಿಲ್ಲಿಸದೆ ನೀರು ತುಂಬುತ್ತಲೇ ಇರುವುದು ಎರಡು ಪಟ್ಟು ಹಾನಿಕರ. ಛಾವಣಿಯಿಂದ ಶುದ್ಧವಾಗಿ ಸಂಗ್ರಹಿಸಿದ ಮಳೆನೀರು ಅಥವಾ ಬ್ಯಾಟರಿಗೆ ಹಾಕುವ ಶುದ್ಧೀಕರಿಸಿದ ನೀರು ಒಳ್ಳೆಯದು. ತಯಾರಕರು ಸೂಚಿಸಿದ ಪ್ರಮಾಣದ ಕೂಲೆಂಟ್ ಬೆರೆಸಿದರೆ ತುಕ್ಕು ಸಹ ತಗ್ಗುತ್ತದೆ.

ಅಗ್ಗದ ವಸ್ತುವೆಂದು ಕಡೆಗಣಿಸಲ್ಪಡುವ ರೇಡಿಯೇಟರ್ ಮುಚ್ಚಳದ ಬಗ್ಗೆ ಒಂದು ಮಾತು. ಈ ಭಾಗವು ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ತೆರೆದ ಪಾತ್ರೆಯಲ್ಲಿ ನೀರು ಸುಮಾರು 98 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಸರಿಯಾದ ಮುಚ್ಚಳವು ಒಳಗೆ ಒತ್ತಡ ಹಿಡಿದು ಕುದಿಯುವ ಮಟ್ಟವನ್ನು 100 ಡಿಗ್ರಿಗಿಂತ ಮೇಲಕ್ಕೆ ಒಯ್ಯುತ್ತದೆ. ಸ್ಪ್ರಿಂಗ್ ಸಡಿಲಗೊಂಡ, ರಬ್ಬರ್ ಹರಿದ ಮುಚ್ಚಳದಿಂದ ಈ ಅನುಕೂಲ ಇಲ್ಲವಾಗುತ್ತದೆ. ಬಟ್ಟೆ ತುರುಕಿ ಮುಚ್ಚಿದ ರೇಡಿಯೇಟರಿಗೂ ಇದೇ ಗತಿ.

ಎಂಜಿನ್ ಬೇಗನೆ ಕಾದು, ಮೇಲಿನ ಹೋಸ್ ಮಾತ್ರ ತಣ್ಣಗಿದ್ದರೆ ಥರ್ಮೋಸ್ಟಾಟ್ ತೆರೆಯುತ್ತಿಲ್ಲವೆಂದು ತಿಳಿಯಬೇಕು. ಅದನ್ನು ಬಿಚ್ಚಿ, ದಾರಕ್ಕೆ ಕಟ್ಟಿ, ನೀರಿರುವ ಪಾತ್ರೆಯಲ್ಲಿ ಇಳಿಬಿಟ್ಟು ಕಾಯಿಸಿರಿ. ನೀರು ಕುದಿಯುವ ಮೊದಲೇ ಅದು ಸ್ಪಷ್ಟವಾಗಿ ತೆರೆದುಕೊಳ್ಳಬೇಕು. ಇಲ್ಲವಾದರೆ ಹೊಸದನ್ನು ಹಾಕಬೇಕು. ತೆಗೆದೆಸೆದು ಹಾಗೆಯೇ ಓಡಿಸುವ ಪದ್ಧತಿ ನಮ್ಮಲ್ಲಿ ಬಹಳವಿದೆ. ಹಾಗೆ ಮಾಡಿದರೆ ಚಳಿಗಾಲದಲ್ಲಿ ಎಂಜಿನ್ ತಕ್ಕ ತಾಪಕ್ಕೆ ಏರದೆ ಡೀಸೆಲ್ ಹೆಚ್ಚು ವ್ಯಯವಾಗುತ್ತದೆ, ಲೈನರ್ ಸವೆಯುತ್ತದೆ.

ಹೊರಗೆ ಎಲ್ಲಿಯೂ ಸೋರದೆ ನೀರು ಕಡಿಮೆಯಾಗುತ್ತಿದೆಯೇ? ಬೆಳಿಗ್ಗೆ ತಣ್ಣಗಿರುವಾಗ ಮುಚ್ಚಳ ತೆರೆದು ಎಂಜಿನ್ ಚಾಲೂ ಮಾಡಿರಿ. ನೀರಿನಲ್ಲಿ ಎಡೆಬಿಡದೆ ಗುಳ್ಳೆಗಳು ಬರುತ್ತಿದ್ದರೆ ಅಥವಾ ಆಯಿಲ್ ಕಡ್ಡಿಯಲ್ಲಿ ಹಾಲಿನ ಬಣ್ಣ ಕಂಡರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಹೆಚ್ಚು. ಈ ಸ್ಥಿತಿಯಲ್ಲಿ ಒಂದು ಗಂಟೆಯೂ ದುಡಿಸಬಾರದು. ನೀರು ಬೆರೆತ ಆಯಿಲ್ ಬೇರಿಂಗುಗಳನ್ನು ಕಾಪಾಡದು. ಉಳಿದ ರಾಶಿಗೆ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಿಂದ ಬಾಡಿಗೆ ಯಂತ್ರ ಪಡೆಯುವುದು, ಕ್ರ್ಯಾಂಕ್ ಕೆಲಸಕ್ಕೆ ತೆರುವ ಹಣಕ್ಕೆ ಹೋಲಿಸಿದರೆ, ಅಗ್ಗವೇ ಸರಿ.

ಹೆಚ್ಚು ಶಕ್ತಿ ಬರಲೆಂದು ಡೀಸೆಲ್ ಪಂಪಿನ ಸ್ಕ್ರೂ ತಿರುಗಿಸಿದ ಎಂಜಿನ್ನುಗಳೂ ಕಪ್ಪು ಹೊಗೆ ಉಗುಳಿ ಅತಿಯಾಗಿ ಬಿಸಿಯಾಗುತ್ತವೆ. ಇದನ್ನು ಅಧಿಕೃತ ಪಂಪ್ ದುರಸ್ತಿ ಕೇಂದ್ರದಲ್ಲಿಯೇ ಸರಿಪಡಿಸಬೇಕು.

ಹಳೆಯ ಕೂಲೆಂಟನ್ನು ಇಳಿಸುವಾಗ ನೆಲಕ್ಕೆ ಚೆಲ್ಲಬೇಡಿರಿ. ಸಾಮಾನ್ಯ ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿದ್ದು, ದನಕರು ಹಾಗೂ ನಾಯಿಗಳು ನೆಕ್ಕಿದರೆ ಮೂತ್ರಪಿಂಡಗಳು ಹಾಳಾಗಿ ಸಾಯುತ್ತವೆ. ಅದನ್ನು ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ, ಗುರುತು ಬರೆದು, ಮಕ್ಕಳಿಗೂ ಜಾನುವಾರುಗಳಿಗೂ ಎಟುಕದಂತೆ ಇರಿಸಿರಿ.