ಮೂವತ್ತೆರಡರಲ್ಲಿ ಒಂದು ಪಾಲಿನ ಯುದ್ಧವಿಮಾನ

ಪುಟ್ಟ ವಿಮಾನವನ್ನು ಕಂಡು ಹಿಗ್ಗದ ಬಾಲಕರು ವಿರಳ. ಆದರೆ ಪೆಟ್ಟಿಗೆಯಲ್ಲಿ ಬರುವ ನೂರಾರು ಪ್ಲಾಸ್ಟಿಕ್ ತುಂಡುಗಳನ್ನು ಬಿಡಿಸಿ, ಉಜ್ಜಿ, ಜೋಡಿಸಿ, ಬಣ್ಣ ಹಚ್ಚಿ, ನಿಜವಾದ ಯುದ್ಧವಿಮಾನದ ಪ್ರತಿಕೃತಿಯೊಂದನ್ನು ತಿಂಗಳುಗಟ್ಟಲೆ ರೂಪಿಸುವವರಲ್ಲಿ ಪ್ರೌಢರೇ ಹೆಚ್ಚು. ಇದನ್ನು ಬರಿಯ ಕೈಚಳಕವೆಂದು ಎಣಿಸುವುದು ರೂಢಿ. ಆದರೆ ಈ ಕೆಲಸದಲ್ಲಿ ಹೆಜ್ಜೆಹೆಜ್ಜೆಗೂ ಎದುರಾಗುವ ಪ್ರಶ್ನೆ ಭೌತಶಾಸ್ತ್ರಕ್ಕೆ ಸೇರಿದ್ದು. ವಸ್ತುವೊಂದನ್ನು ಕುಗ್ಗಿಸಿದಾಗ ಅದರೊಡನೆ ಯಾವ ಯಾವ ಗುಣಗಳು ಕುಗ್ಗುತ್ತವೆ, ಯಾವುವು ಕುಗ್ಗುವುದಿಲ್ಲ? ಇದನ್ನು ತಿಳಿಯದೆ ಅಳತೆಪಟ್ಟಿಯನ್ನೇ ನಂಬಿದವನ ವಿಮಾನ ಆಟಿಕೆಯಾಗಿಯೇ ಉಳಿಯುತ್ತದೆ.

ಉದಾಹರಣೆಗೆ ಮಿಗ್-21 ವಿಮಾನವನ್ನು ತೆಗೆದುಕೊಳ್ಳೋಣ. 1950ರ ದಶಕದಲ್ಲಿ ಸೋವಿಯತ್ ಒಕ್ಕೂಟದಲ್ಲಿ ರೂಪುಗೊಂಡ ಈ ತ್ರಿಕೋನ ರೆಕ್ಕೆಯ ಜೆಟ್ ವಿಮಾನ ಹನ್ನೊಂದು ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು. 1963ರಲ್ಲಿ ನಮ್ಮ ವಾಯುಪಡೆಯನ್ನು ಸೇರಿದ ಇದು 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಿದಾಯ ಪಡೆಯಿತು. ಇದರ ಎಂ.ಎಫ್. ಎಂಬ ಬಗೆಯು 1/32 ಪ್ರಮಾಣದ ದೊಡ್ಡ ಕಿಟ್ಟಾಗಿ ದೊರೆಯುತ್ತದೆ. 1/32 ಎಂದರೆ ನಿಜವಸ್ತುವಿನ ಒಂದು ಅಡಿಗೆ ಪ್ರತಿಕೃತಿಯಲ್ಲಿ ಅಂಗುಲದ ಎಂಟರಲ್ಲಿ ಮೂರು ಭಾಗ.

ಮೊದಲು ಲೆಕ್ಕವನ್ನು ನೋಡೋಣ. ನಿಜವಿಮಾನದ ರೆಕ್ಕೆಗಳ ಹರವು ಸುಮಾರು 7.15 ಮೀಟರ್. ಅದನ್ನು 32ರಿಂದ ಭಾಗಿಸಿದರೆ 22 ಸೆಂಟಿಮೀಟರಿಗೆ ತುಸು ಹೆಚ್ಚು. ರೆಕ್ಕೆಯ ವಿಸ್ತೀರ್ಣ 23 ಚದರ ಮೀಟರ್. ವಿಸ್ತೀರ್ಣವು ಉದ್ದದ ವರ್ಗದಂತೆ ಕುಗ್ಗುವುದರಿಂದ ಇದನ್ನು 1,024ರಿಂದ ಭಾಗಿಸಬೇಕು. ಉಳಿಯುವುದು ಸುಮಾರು 225 ಚದರ ಸೆಂಟಿಮೀಟರ್. ತೂಕವಾದರೋ ಘನದಂತೆ ಕುಗ್ಗಬೇಕು. ಹಾರಲು ಸಿದ್ಧವಾದ ವಿಮಾನದ ತೂಕ ಸುಮಾರು 8,200 ಕಿಲೋಗ್ರಾಂ ಎಂದು ಹಿಡಿದರೆ, 32,768ರಿಂದ ಭಾಗಿಸಿದಾಗ ಬರುವುದು 250 ಗ್ರಾಂ ಮಾತ್ರ!

ತೂಕದ ಮೊತ್ತ ಮಾತ್ರವಲ್ಲ, ಅದು ಹಂಚಿಹೋಗಿರುವ ಬಗೆಯೂ ಮುಖ್ಯ. ನಿಜವಿಮಾನದ ಒಡಲಲ್ಲಿ ಎಂಜಿನ್, ಇಂಧನ, ಯಂತ್ರೋಪಕರಣಗಳು ತುಂಬಿರುತ್ತವೆ. ಪ್ರತಿಕೃತಿಯ ಒಡಲು ಟೊಳ್ಳು. ಅದರ ಗುರುತ್ವಕೇಂದ್ರವು ರೆಕ್ಕೆಯಡಿಯ ಎರಡು ಚಕ್ರಗಳಿಗಿಂತ ಹಿಂದಕ್ಕೆ ಬಿದ್ದರೆ ವಿಮಾನ ಮೂತಿಯೆತ್ತಿ ಬಾಲದ ಮೇಲೆ ಕುಳಿತುಬಿಡುತ್ತದೆ. ಆದುದರಿಂದ ಒಡಲಿನ ಎರಡು ಅರ್ಧಗಳನ್ನು ಶಾಶ್ವತವಾಗಿ ಕೂಡಿಸುವ ಮುನ್ನ, ಅಂಟುಪಟ್ಟಿಯಿಂದ ಬಿಗಿದು ಸಮತೋಲವನ್ನು ಪರೀಕ್ಷಿಸಬೇಕು. ಅವಶ್ಯವಿದ್ದರೆ ಮೂತಿಯೊಳಗೆ ಲೋಹದ ಚೂರುಗಳನ್ನು ಇಡಬೇಕು. ಸನ್ನೆಯ ನಿಯಮದಂತೆ, ಚಕ್ರಗಳಿಂದ ದೂರವಿಟ್ಟಷ್ಟೂ ಕಡಿಮೆ ತೂಕ ಸಾಕಾಗುತ್ತದೆ.

ಇನ್ನು ಕೂಡಿಸುವ ಕೆಲಸ. ಕಿಟ್ಟಿನ ತುಂಡುಗಳು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕಿನವು. ಇದಕ್ಕೆ ಬಳಸುವ ದ್ರವ ಸಾಮಾನ್ಯ ಗೋಂದಲ್ಲ, ಪ್ಲಾಸ್ಟಿಕನ್ನೇ ಕರಗಿಸುವ ದ್ರಾವಕ. ಒತ್ತಿ ಹಿಡಿದ ಎರಡು ತುಂಡುಗಳ ಸಂದಿಗೆ ಕುಂಚದ ತುದಿಯನ್ನು ಮುಟ್ಟಿಸಿದರೆ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ದ್ರವ ತಾನಾಗಿಯೇ ಸಂದಿನುದ್ದಕ್ಕೂ ಹರಿಯುತ್ತದೆ. ಎರಡು ಕಡೆಯ ಮೇಲ್ಮೈಯೂ ಮೆದುವಾಗಿ, ಅವುಗಳ ಉದ್ದನೆಯ ಸರಪಣಿಯಂಥ ಅಣುಗಳು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ದ್ರಾವಕ ಆರಿಹೋದ ಮೇಲೆ ಉಳಿಯುವುದು ಬೆಸುಗೆ. ಚಾಲಕನ ಮೇಲಿನ ಪಾರದರ್ಶಕ ಮುಚ್ಚಳಕ್ಕೆ ಮಾತ್ರ ಈ ದ್ರವ ಸಲ್ಲದು. ಒಂದು ತೊಟ್ಟು ತಗುಲಿದರೂ ಅದು ಮಬ್ಬಾಗುತ್ತದೆ. ಅಲ್ಲಿ ಮರಗೆಲಸದ ಬಿಳಿಯ ಅಂಟೇ ಲೇಸು.

ಅಣುಗಳೂ ದ್ರವದ ತೊಟ್ಟೂ ನಮ್ಮ ಪ್ರಮಾಣಕ್ಕೆ ತಕ್ಕಂತೆ ಕುಗ್ಗಲಾರವು. ದಪ್ಪದ ಮಾತೂ ಹೀಗೆಯೇ. ಪ್ಲಾಸ್ಟಿಕ್ ಹಾಳೆ 1 ಮಿಲಿಮೀಟರ್ ದಪ್ಪವಿದ್ದರೂ ಅದು ನಿಜವಿಮಾನದ 32 ಮಿಲಿಮೀಟರಿಗೆ ಸಮ. ಅದಕ್ಕಾಗಿಯೇ ರೆಕ್ಕೆಯ ಹಿಂದಂಚನ್ನು ಉಪ್ಪುಕಾಗದದಿಂದ ತೆಳುವಾಗಿ ಉಜ್ಜುತ್ತಾರೆ; ಚಾಲಕನ ಪೀಠದ ಪಟ್ಟಿಗಳನ್ನು ತೆಳು ಹಿತ್ತಾಳೆ ತಗಡಿನಿಂದಲೋ ಕಾಗದದಿಂದಲೋ ಮಾಡುತ್ತಾರೆ. ಬಣ್ಣದ ಪದರ 0.03 ಮಿಲಿಮೀಟರ್ ಇದ್ದರೆ, ನಿಜವಿಮಾನಕ್ಕೆ ಹೆಚ್ಚುಕಡಿಮೆ 1 ಮಿಲಿಮೀಟರ್ ದಪ್ಪ ಬಣ್ಣ ಬಳಿದಂತಾಯಿತು. ಕುಂಚಕ್ಕಿಂತ ಗಾಳಿಯಿಂದ ಸಿಂಪಡಿಸುವ ತೆಳು ಪದರಗಳು ಮೇಲೆನಿಸುವುದು ಇದರಿಂದಲೇ.

ನಮ್ಮ ಮೊದಲ ದೊಡ್ಡ ಪ್ರತಿಕೃತಿಯಲ್ಲಿ ಇಷ್ಟನ್ನೆಲ್ಲ ಪಾಲಿಸಿದೆವು. ಸೂಕ್ಷ್ಮಕೆಲಸದ ಉತ್ಸಾಹದಲ್ಲಿ, ಒಡಲ ಮೇಲಿನ ತಗಡುಗಳ ಕೂಡುಗೆರೆಗಳನ್ನೆಲ್ಲ ಆಳವಾಗಿ ಕೆತ್ತಿ ಕಪ್ಪು ಬಣ್ಣ ತುಂಬಿದೆವು. ಮನೆಗೆ ಬಂದ ನೆರೆಯ ಹಿರಿಯರೊಬ್ಬರು, ವಾಯುಪಡೆಯಲ್ಲಿ ಇವೇ ವಿಮಾನಗಳ ದುರಸ್ತಿಯಲ್ಲಿ ದುಡಿದು ನಿವೃತ್ತರಾದವರು, ಅದನ್ನು ಬಹು ಹೊತ್ತು ನೋಡಿ, “ಚೆನ್ನಾಗಿದೆ ಮೇಷ್ಟ್ರೇ. ಆದರೆ ಇಷ್ಟು ಬಿರುಕಿದ್ದ ವಿಮಾನವನ್ನು ನಾವು ಹಾರಲು ಬಿಡುತ್ತಿರಲಿಲ್ಲ” ಎಂದರು. ಅವರ ಕೈಯಲ್ಲಿ ಸಾವಿರ ಸಲ ಹಾದುಹೋದ ಮೈ ಅದು. ನಾವು ಅದನ್ನು ಚೌಕಳಿ ಬಟ್ಟೆಯನ್ನಾಗಿ ಮಾಡಿದ್ದೆವು!

ನಾವು ತಪ್ಪಿದ್ದೆಲ್ಲಿ? ಎಷ್ಟು ಕಾಣಬೇಕೆಂಬುದನ್ನು ನಿರ್ಧರಿಸುವುದು ದೂರ ಎಂಬುದನ್ನು ಮರೆತಿದ್ದೆವು. 1942ರಲ್ಲಿ ಅಮೆರಿಕದ ನೌಕಾಪಡೆಯು ಅಲ್ಲಿನ ಪ್ರೌಢಶಾಲೆಗಳ ವಿದ್ಯಾರ್ಥಿಗಳಿಂದ 1/72 ಪ್ರಮಾಣದ ಮರದ ವಿಮಾನಗಳನ್ನು ಮಾಡಿಸಿತು. ಶತ್ರುವಿಮಾನ ಯಾವುದು, ಸ್ವಪಕ್ಷದ್ದು ಯಾವುದು ಎಂದು ಗುರುತಿಸಲು ಸೈನಿಕರಿಗೆ ಕಲಿಸುವುದು ಅದರ ಉದ್ದೇಶ. 35 ಅಡಿಯಾಚೆಯ ಪ್ರತಿಕೃತಿಯು, ಸುಮಾರು ಅರ್ಧ ಮೈಲಿ ದೂರದ ನಿಜವಿಮಾನದಷ್ಟೇ ಕೋನವನ್ನು ಕಣ್ಣಿನಲ್ಲಿ ಉಂಟುಮಾಡುತ್ತದೆ. ಅದೇ ನ್ಯಾಯದಂತೆ, ನಮ್ಮ ಪ್ರತಿಕೃತಿಯನ್ನು ಅರ್ಧ ಮೀಟರ್ ದೂರದಿಂದ ನೋಡುವುದೆಂದರೆ ನಿಜವಿಮಾನವನ್ನು 16 ಮೀಟರ್ ದೂರದಿಂದ ನೋಡಿದಂತೆ. ಆರೋಗ್ಯವಂತ ಕಣ್ಣು ಬೇರ್ಪಡಿಸಿ ಕಾಣಬಲ್ಲ ಅತಿ ಸಣ್ಣ ಕೋನ ಡಿಗ್ರಿಯ ಅರವತ್ತರಲ್ಲಿ ಸುಮಾರು ಒಂದು ಭಾಗ. 16 ಮೀಟರಿನಲ್ಲಿ ಇದು 5 ಮಿಲಿಮೀಟರಿಗೆ ತುಸು ಕಡಿಮೆ. ಪ್ರತಿಕೃತಿಯ ಮೇಲೆ 0.15 ಮಿಲಿಮೀಟರ್. ಇದಕ್ಕಿಂತ ಕಿರಿದಾದ ಕಪ್ಪು ಗೆರೆ ಕಣ್ಣಿಗೆ ಮಸುಕಾಗಿ ತೋರೀತೇ ಹೊರತು ಬಿರುಕಾಗಿ ತೋರದು. ನಾವು ಕೆತ್ತಿದ 0.2 ಮಿಲಿಮೀಟರ್ ಗೆರೆ ನಿಜವಿಮಾನದಲ್ಲಿ 6 ಮಿಲಿಮೀಟರನ್ನು ಮೀರಿದ ಸಂದಿಯಾಗುತ್ತಿತ್ತು. ಕಪ್ಪಿನ ಬದಲು ಮೈಬಣ್ಣಕ್ಕಿಂತ ತುಸುವೇ ಗಾಢವಾದ ಬೂದುಬಣ್ಣವನ್ನು ತುಂಬಿದ್ದರೆ ಸಾಕಿತ್ತು.

ಹಾಗಾದರೆ ಗೆರೆಗೆ ಬಣ್ಣವೇ ಬೇಡವೇ? ಬೇಕು, ಅದಕ್ಕೆ ಕಾರಣ ಬೆಳಕು. ಪ್ರಖರ ಬಿಸಿಲಿನ ಪ್ರಕಾಶ ಸುಮಾರು ಒಂದು ಲಕ್ಷ ಲಕ್ಸ್. ಕೊಠಡಿಯ ದೀಪದ್ದು ಕೆಲವು ನೂರು ಮಾತ್ರ. ಬಿಸಿಲಿನಲ್ಲಿ ನೆರಳು ಖಚಿತ. ಕೊಠಡಿಯಲ್ಲಿ ಬೆಳಕು ಎಲ್ಲ ಕಡೆಯಿಂದ ಚದರಿ ಬರುವುದರಿಂದ ನೆರಳು ಕಳೆಗುಂದುತ್ತದೆ. ಕಳೆದುಹೋದ ನೆರಳನ್ನು ತೆಳುಬಣ್ಣದಿಂದ ಹಿಂದಿರುಗಿಸುತ್ತೇವೆ. ಮೈಬಣ್ಣವನ್ನೂ ಮೂಲಕ್ಕಿಂತ ಕೊಂಚ ತಿಳಿಯಾಗಿ ಬೆರೆಸುವುದು ಇದೇ ಕಾರಣಕ್ಕೆ.

ಗೆರೆಗಳನ್ನು ಕುರಿತು ಹೇಳಿದ ಆ ಹಿರಿಯರೇ ಇನ್ನೊಂದನ್ನೂ ತೋರಿಸಿದರು. ಮೂತಿಯ ಮಧ್ಯದ ಶಂಕುವನ್ನು ನಾವು ಮುಂದಕ್ಕೆ ಚಾಚಿ ಅಂಟಿಸಿದ್ದೆವು. ವೇಗವು ಶಬ್ದದ ವೇಗವನ್ನು ಬಹುವಾಗಿ ಮೀರಿದಾಗ ಶಂಕು ಮುಂದೆ ಸರಿಯುತ್ತದೆ. ಅದರ ತುದಿಯಿಂದ ಓರೆಯಾಗಿ ಹೊರಡುವ ಆಘಾತ ತರಂಗವು, ಎಂಜಿನ್ನಿಗೆ ನುಗ್ಗುವ ಗಾಳಿಯ ವೇಗವನ್ನು ತಗ್ಗಿಸುತ್ತದೆ. ನೆಲದ ಮೇಲೆ ನಿಂತ ವಿಮಾನದಲ್ಲಿ ಅದು ಒಳಸರಿದೇ ಇರುತ್ತದೆ. ಶಂಕುವಿನೊಳಗೆ ರೇಡಾರ್ ಇರುವುದರಿಂದ, ಅಲೆಗಳು ಹಾದುಹೋಗಲೆಂದು ಅದರ ಹೊದಿಕೆ ಲೋಹದ್ದಲ್ಲ. ಆದುದರಿಂದ ಅದಕ್ಕೆ ಬೆಳ್ಳಿಬಣ್ಣವೂ ಸಲ್ಲದು. ಇವು ದೂರದಿಂದಲೂ ಕಾಣುವ ಸಂಗತಿಗಳು. ಗೆರೆಗಳ ಮೇಲೆ ವಾರಗಟ್ಟಲೆ ಕಳೆದ ನಾವು ಇದನ್ನೇ ನೋಡಿರಲಿಲ್ಲ.

ಈ ಹವ್ಯಾಸಕ್ಕೆ ಇಳಿಯುವ ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ. ದ್ರಾವಕದ ಆವಿ ಶ್ವಾಸಕೋಶಕ್ಕೆ ಕೆಡುಕು; ಬೆಂಕಿಯನ್ನೂ ಬೇಗ ಹಿಡಿಯುತ್ತದೆ. ಕಿಟಕಿ ತೆರೆದಿರಲಿ, ಉರಿಯುವ ದೀಪ ದೂರವಿರಲಿ. ಉಜ್ಜುವಾಗ ಪ್ಲಾಸ್ಟಿಕನ್ನು ಒದ್ದೆ ಮಾಡಿಕೊಂಡರೆ ಧೂಳು ಏಳದು.

ಕಿಟ್ಟು ಕೊಳ್ಳುವ ಮೊದಲು ಹಣವಿಲ್ಲದೆ ಮಾಡಬಹುದಾದ ಪ್ರಯೋಗವೊಂದುಂಟು. ಬೆಂಗಳೂರಿನ ಎಚ್.ಎ.ಎಲ್. ವಸ್ತುಸಂಗ್ರಹಾಲಯದಲ್ಲಿ, 1961ರಲ್ಲಿ ಮೊದಲು ಹಾರಿದ ನಮ್ಮದೇ ‘ಮಾರುತ’ ಜೆಟ್ ವಿಮಾನವನ್ನು ಇರಿಸಿದ್ದಾರೆ. ಅದರಿಂದ ಸುಮಾರು 16 ಮೀಟರ್ ಹಿಂದೆ ನಿಂತು, ಕಂಡದ್ದನ್ನು ಮಾತ್ರ ಬರೆದುಕೊಳ್ಳಿರಿ. ಬಳಿಕ ಹತ್ತಿರ ಹೋಗಿ, ಕಾಣದೆ ಉಳಿದವು ಎಷ್ಟೆಂದು ಎಣಿಸಿರಿ. ಪ್ರತಿಕೃತಿಯಲ್ಲಿ ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂಬುದಕ್ಕೆ ಆ ಎರಡು ಪಟ್ಟಿಗಳೇ ಉತ್ತರ ಹೇಳುತ್ತವೆ.