ಹಡಗು ತಾನೇ ಹೇಳಿದ್ದು

ತುಮಕೂರಿನ ಸತ್ಯಮಂಗಲ ಕೈಗಾರಿಕಾ ಪ್ರದೇಶದಿಂದ ಅರಬ್ಬಿ ಸಮುದ್ರ ನೇರ ಗೆರೆ ಎಳೆದರೂ ಸುಮಾರು 250 ಕಿ.ಮೀ. ದೂರ, ನಡುವೆ ಪಶ್ಚಿಮ ಘಟ್ಟ ಬೇರೆ. ಆದರೂ ಕಡಲು ಇಲ್ಲಿಯವರಿಗೆ ಪರಕೀಯವಲ್ಲ. ತುಮಕೂರನ್ನು ಮಂಗಳೂರಿಗೆ ಜೋಡಿಸುವ 73ನೇ ನಂಬರಿನ ಹೆದ್ದಾರಿಯೇ ಇದೆ. ಕಂಟೇನರ್ ತುಂಬಿ ಕಳಿಸಿದವರು, ಹೊರದೇಶದ ಬಿಡಿಭಾಗಕ್ಕೆ ಕಾದು ಕೂತವರು ಮೊಬೈಲಿನಲ್ಲಿ ಹಡಗಿನ ಹೆಸರು ಹೊಡೆದರೆ ನೀಲಿ ನಕ್ಷೆಯ ಮೇಲೆ ಬಾಣದ ಮೊನೆಯಂಥ ಗುರುತೊಂದು ಕಾಣುತ್ತದೆ. ಅದನ್ನು ಒತ್ತಿದರೆ ಯಾವ ದೇಶದ ಬಾವುಟ, ಎಷ್ಟು ವೇಗ, ಮೂತಿ ಎತ್ತ, ಮುಂದಿನ ಬಂದರು ಯಾವುದು ಎಲ್ಲ ತೆರೆದುಕೊಳ್ಳುತ್ತದೆ. ಯಾರೋ ಆಕಾಶದಿಂದ ನೋಡಿ ಹಾಕಿದ ಗುರುತು ಇದೆಂದು ಅನೇಕರು ತಿಳಿಯುತ್ತಾರೆ. ಆದರೆ ಇಲ್ಲಿ ಯಾರೂ ಏನನ್ನೂ ನೋಡಿರುವುದಿಲ್ಲ. ಹಡಗು ತನ್ನ ಬಗ್ಗೆ ತಾನೇ ಕೂಗಿ ಹೇಳಿದ್ದನ್ನು ಕೇಳಿಸಿಕೊಂಡು ಬರೆದಿಟ್ಟಿದ್ದಾರೆ, ಅಷ್ಟೆ. ಈ ನಕ್ಷೆಯನ್ನು ಕಣ್ಣಿನ ಸಾಕ್ಷಿ ಎಂದು ಓದದೆ ಹೇಳಿಕೆ ಎಂದು ಓದಿದರೆ ಮಾತ್ರ ಅದರ ಬಲವೂ ಮಿತಿಯೂ ತಿಳಿಯುತ್ತವೆ. ಯಾರ ದನಿ ಅದರಲ್ಲಿ ಸೇರಿಲ್ಲ ಎಂಬುದೂ ಆಗಲೇ ಗೊತ್ತಾಗುವುದು.

ಈ ಕೂಗಿಗೆ ಎಐಎಸ್ ಎಂದು ಹೆಸರು. ಅಂತರರಾಷ್ಟ್ರೀಯ ಯಾನದಲ್ಲಿರುವ 300 ಟನ್ನೇಜ್ ಮತ್ತು ಅದಕ್ಕೂ ಮೇಲಿನ ಹಡಗುಗಳಿಗೂ ಎಲ್ಲ ಪ್ರಯಾಣಿಕ ಹಡಗುಗಳಿಗೂ 2004ರ ಡಿಸೆಂಬರ್ ಕೊನೆಯೊಳಗೆ ಇದು ಕಡ್ಡಾಯವಾಯಿತು. ಮಂಜಿನಲ್ಲಿ, ಕತ್ತಲಲ್ಲಿ ಒಂದು ಹಡಗು ಇನ್ನೊಂದಕ್ಕೆ ಗುದ್ದದಿರಲಿ ಎಂಬುದು ಇದರ ಮೂಲ ಉದ್ದೇಶಗಳಲ್ಲೊಂದು. ನಮ್ಮ ಮೊಬೈಲಿನ ನಕ್ಷೆ ಆಮೇಲೆ ಹುಟ್ಟಿದ್ದು. ವ್ಯವಸ್ಥೆಯ ಒಳಗಿನ ಶಿಸ್ತು ಮೆಚ್ಚುವಂಥದ್ದು. ಬಳಕೆಯಲ್ಲಿರುವುದು 161.975 ಮತ್ತು 162.025 ಮೆಗಾಹರ್ಟ್ಸ್ ಎಂಬ ಎರಡು ರೇಡಿಯೊ ದಾರಿ. ಒಂದೊಂದು ದಾರಿಯಲ್ಲೂ ಒಂದು ನಿಮಿಷವನ್ನು 2,250 ತುಣುಕು ಮಾಡಿರುತ್ತಾರೆ. ಯಾವ ತುಣುಕಿನಲ್ಲಿ ಯಾರು ಮಾತಾಡಬೇಕೆಂದು ಆಸುಪಾಸಿನ ಹಡಗುಗಳ ಯಂತ್ರಗಳು ತಮ್ಮತಮ್ಮಲ್ಲೇ ಹೊಂದಿಸಿಕೊಳ್ಳುತ್ತವೆ, ಮೇಲೊಬ್ಬ ಯಜಮಾನ ಬೇಕಿಲ್ಲ. ಓಡುತ್ತಿರುವ ದೊಡ್ಡ ಹಡಗು 2ರಿಂದ 10 ಸೆಕೆಂಡಿಗೊಮ್ಮೆ ತಾನಿರುವ ಜಾಗ ಹೇಳುತ್ತದೆ, ಲಂಗರು ಹಾಕಿ ನಿಂತದ್ದು 3 ನಿಮಿಷಕ್ಕೊಮ್ಮೆ. ಜೊತೆಗೆ ಒಂಬತ್ತು ಅಂಕಿಯ ಗುರುತುಸಂಖ್ಯೆ ಹೋಗುತ್ತದೆ. ಭಾರತದ ಹಡಗಾದರೆ ಅದು 419ರಿಂದ ಶುರು. ಜಾಗ ಮತ್ತು ವೇಗ ಜಿಪಿಎಸ್‌ನಿಂದ ತಾವಾಗಿ ಬರುತ್ತವೆ. ಮುಂದಿನ ಬಂದರಿನ ಹೆಸರನ್ನು ಮಾತ್ರ ಸಿಬ್ಬಂದಿ ಕೈಯಿಂದ ತುಂಬಬೇಕು. ತುಂಬಲು ಮರೆತರೆ ಬಿಟ್ಟುಬಂದ ಊರೇ ಮುಂದಿನ ಊರೆಂದು ನಕ್ಷೆಯಲ್ಲಿ ಉಳಿಯುತ್ತದೆ.

ಈ ಕೂಗು ಎಷ್ಟು ದೂರ ಕೇಳಿಸುತ್ತದೆ ಎಂಬುದನ್ನು ಭೂಮಿಯ ಉಬ್ಬು ತೀರ್ಮಾನಿಸುತ್ತದೆ. ಹಡಗಿನ ಆಂಟೆನಾ 30 ಮೀಟರ್ ಎತ್ತರದಲ್ಲಿದ್ದು ದಡದ್ದೂ ಅಷ್ಟೇ ಇದ್ದರೆ ಸುಮಾರು 45 ಕಿ.ಮೀ.ವರೆಗೆ ನೆಚ್ಚಬಹುದು. ದೀಪಸ್ತಂಭಗಳು ಮತ್ತೆ ಉಪಯೋಗಕ್ಕೆ ಬಂದದ್ದು ಹೀಗೆ. ದೀಪಸ್ತಂಭಗಳ ಇಲಾಖೆ 2012ರಲ್ಲಿ ದೇಶದ ಕರಾವಳಿಯುದ್ದಕ್ಕೂ ಎಐಎಸ್ ಜಾಲ ಹೆಣೆಯಿತು. ಒಂದು ಕಾಲಕ್ಕೆ ಬೆಳಕು ತೋರಿಸಲೆಂದು ಕಟ್ಟಿದ ಎತ್ತರ ಈಗ ಕಿವಿಯ ಕೆಲಸವನ್ನೂ ಮಾಡುತ್ತದೆ. ಗ್ರೀಸ್‌ನ ಏಜಿಯನ್ ವಿಶ್ವವಿದ್ಯಾಲಯದಲ್ಲಿ 2007ರಲ್ಲಿ ಮೊಳೆತ ಮರೀನ್‌ಟ್ರಾಫಿಕ್‌ನಂಥ ತಾಣಗಳು ಬೆಳೆದದ್ದಾದರೂ ಲೋಕದ ಎಲ್ಲೆಡೆ ಹವ್ಯಾಸಿಗಳು ಮನೆಯ ಮಾಡಿಗೆ ಕಟ್ಟಿದ ಸಣ್ಣ ಆಂಟೆನಾಗಳ ಬಲದಿಂದ. ನಡುಗಡಲಿಗೆ ಬೇಕಾದದ್ದು ಉಪಗ್ರಹ. 2011ರ ಏಪ್ರಿಲ್ 20ರಂದು ಇಸ್ರೊ ಹಾರಿಸಿದ ರಿಸೋರ್ಸ್‌ಸ್ಯಾಟ್-2, ಕೆನಡಾದ ಕಾಮ್‌ಡೆವ್ ಕಂಪನಿಯ ಎಐಎಸ್ ಉಪಕರಣವನ್ನೂ ಪ್ರಯೋಗಕ್ಕೆಂದು ಹೊತ್ತೊಯ್ದಿತ್ತು. ಆದರೆ ಮೇಲಿನಿಂದ ಕೇಳುವ ಕಿವಿಗೆ ಬೇರೊಂದು ತೊಡಕು. ಒಬ್ಬರಿಗೊಬ್ಬರು ಕೇಳಿಸದಷ್ಟು ದೂರದ ಹಡಗುಗಳು ಒಂದೇ ತುಣುಕಿನಲ್ಲಿ ಮಾತಾಡಿದರೆ ಕಡಲ ಮೇಲೆ ಏನೂ ತೊಂದರೆಯಿಲ್ಲ, ಉಪಗ್ರಹಕ್ಕೆ ಮಾತ್ರ ಅದೆಲ್ಲ ಸಂತೆಯ ಗದ್ದಲ. ಹಾಗಾಗಿ ಗುರುತು ಎಲ್ಲಿದೆ ಎಂದು ನೋಡುವ ಮೊದಲು ಕೊನೆಯ ಸಂಕೇತ ಬಂದ ಹೊತ್ತನ್ನು ನೋಡಬೇಕು. ದಡದ ಹತ್ತಿರ ಅದು ಎರಡು ನಿಮಿಷ ಹಿಂದಿನದಿದ್ದರೆ ನಡುಗಡಲಲ್ಲಿ ಗಂಟೆಗಟ್ಟಲೆ ಹಳೆಯದಿರಬಹುದು.

ಹೇಳಿಕೆಯೆಂದ ಮೇಲೆ ಸುಳ್ಳಿಗೂ ಅವಕಾಶವಿದೆ. 2021ರ ಜೂನ್‌ನಲ್ಲಿ ಬ್ರಿಟನ್ನಿನ ಯುದ್ಧನೌಕೆ ಡಿಫೆಂಡರ್ ಸೆವಾಸ್ತೊಪೋಲ್ ಕಡೆಗೆ ಸಾಗಿತೆಂದು ಎಐಎಸ್ ತೋರಿಸಿದ ರಾತ್ರಿ, ಅದು ಒಡೆಸಾ ಬಂದರಿನಲ್ಲಿ ಕಟ್ಟಿ ನಿಂತಿದ್ದು ಅಲ್ಲಿನ ಕ್ಯಾಮೆರಾದಲ್ಲಿ ಕಾಣುತ್ತಿತ್ತು. ಇದಕ್ಕಿಂತ ಗಟ್ಟಿಯಾದ ಆಕ್ಷೇಪವೂ ಇದೆ: ಹಡಗಿನ ಜಾಗವನ್ನು ಊರಿಗೆಲ್ಲ ಸಾರಿದರೆ ಕಡಲ್ಗಳ್ಳನಿಗೂ ವಿಳಾಸ ಕೊಟ್ಟಂತಲ್ಲವೇ? ಸೌದಿ ಅರೇಬಿಯಾದಿಂದ ನವಮಂಗಳೂರು ಬಂದರಿಗೆ ಬರುತ್ತಿದ್ದ ಕೆಮ್ ಪ್ಲೂಟೊ ಟ್ಯಾಂಕರ್‌ಗೆ 2023ರ ಡಿಸೆಂಬರ್ 23ರಂದು ಗುಜರಾತ್ ಕಡಲಾಚೆ ಡ್ರೋನ್ ಬಡಿದು ಬೆಂಕಿ ಹತ್ತಿದ್ದನ್ನು ನೆನೆದರೆ ಈ ಅಂಜಿಕೆಯನ್ನು ಹಗುರಾಗಿ ತಳ್ಳಿಹಾಕಲಾಗದು. ಅಪಾಯ ಕಂಡಾಗ ಯಂತ್ರ ಆರಿಸುವ ಅಧಿಕಾರ ಕ್ಯಾಪ್ಟನ್ನನಿಗೆ ನಿಯಮದಲ್ಲೇ ಇದೆ, ಅದು ಸರಿಯೂ ಹೌದು. ಆದರೆ ಅದು ಆ ಗಳಿಗೆಯ ವಿನಾಯಿತಿಯಾಗಿಯೇ ಉಳಿಯಬೇಕು. ಕೆಮ್ ಪ್ಲೂಟೊಗೆ ಬೆಂಕಿ ಬಿದ್ದಾಗ ಕರಾವಳಿ ರಕ್ಷಣಾ ಪಡೆ ತನ್ನ ವಿಕ್ರಮ್ ನೌಕೆಯನ್ನು ಅತ್ತ ತಿರುಗಿಸಿತು, ಹಡಗು ಬೆಂಗಾವಲಿನಲ್ಲಿ ಮುಂಬೈ ಸೇರಿತು. ನಡುಗಡಲಲ್ಲಿ ಆಪತ್ತು ಬಂದಾಗ ಮೊದಲು ಏಳುವ ಪ್ರಶ್ನೆ ಹತ್ತಿರದಲ್ಲಿ ಯಾರಿದ್ದಾರೆ ಎಂಬುದು. ಎಲ್ಲರೂ ಬಾಯಿ ಮುಚ್ಚಿಕೊಂಡು ಸಾಗುವ ಕಡಲಲ್ಲಿ ಅದಕ್ಕೆ ಉತ್ತರ ಸಿಗುವುದಿಲ್ಲ.

ನಿಜವಾದ ಕೊರತೆ ಇರುವುದು ಇನ್ನೊಂದು ಕಡೆ. ಸಾವಿರಾರು ಟನ್ ಹೊತ್ತ ಹಡಗು ಕ್ಷಣಕ್ಷಣಕ್ಕೂ ತನ್ನ ಜಾಗ ಸಾರುತ್ತದೆ, ಅದೇ ನೀರಿನಲ್ಲಿ ಬಲೆ ಎಳೆಯುವ ದೋಣಿಗೆ ಆ 2004ರ ಕಡ್ಡಾಯ ಅನ್ವಯಿಸುವುದೇ ಇಲ್ಲ. 2018ರ ಡಿಸೆಂಬರ್ 13ರಂದು ಏಳು ಮಂದಿಯನ್ನು ಹೊತ್ತು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿ 15ರ ರಾತ್ರಿಯ ನಂತರ ಸಂಪರ್ಕಕ್ಕೆ ಸಿಗಲಿಲ್ಲ. ಜನವರಿಯಲ್ಲಿ ಮೀನುಗಾರರು ಸಾವಿರಗಟ್ಟಲೆ ಹೆದ್ದಾರಿಗೆ ಬಂದು ಕೂತರು. ನೌಕಾಪಡೆಯ ನಿರೀಕ್ಷಕ್ ಹಡಗು ಮಹಾರಾಷ್ಟ್ರದ ಮಾಲ್ವಣ ಕಡಲಾಚೆ ಸುಮಾರು 60 ಮೀಟರ್ ಆಳದಲ್ಲಿ ಅವಶೇಷ ಕಂಡುಹಿಡಿಯುವಾಗ ಮೇ ತಿಂಗಳು ಬಂದಿತ್ತು. ಏಳು ಮನೆಗಳು ನಾಲ್ಕೂವರೆ ತಿಂಗಳು ಏನೂ ತಿಳಿಯದೆ ಕಾದವು.

ಈಗ ದೋಣಿಯಿರುವ ಜಾಗ ತಿಳಿಸುವ, ಇಸ್ರೊ ರೂಪಿಸಿದ ಟ್ರಾನ್ಸ್‌ಪಾಂಡರ್ ಪೆಟ್ಟಿಗೆಯನ್ನು 13 ಕರಾವಳಿ ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 1 ಲಕ್ಷ ದೋಣಿಗಳಿಗೆ ಅಳವಡಿಸುವ 364 ಕೋಟಿ ರೂಪಾಯಿಯ ಯೋಜನೆ 2024ರ ಆಗಸ್ಟ್ 30ರಂದು ಪಾಲ್ಘರ್‌ನಲ್ಲಿ ಚಾಲನೆ ಪಡೆದಿದೆ. ಮೀನು ಸಿಗುವ ಜಾಗದ ಗುಟ್ಟು ಬಯಲಾದೀತೆಂಬ ಮೀನುಗಾರರ ಚಿಂತೆ ನ್ಯಾಯವಾದದ್ದೇ, ಅದು ಅವರ ಅನ್ನದ ಪ್ರಶ್ನೆ. ಈ ಮಾಹಿತಿ ಸರ್ಕಾರದ ನಿಗಾ ಕೇಂದ್ರ ದಾಟಿ ಸಾರ್ವಜನಿಕ ನಕ್ಷೆಗೆ ಬಾರದಂತೆ ನೋಡಿಕೊಂಡರೆ ಆ ಗುಟ್ಟೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ. ಈ ಪೆಟ್ಟಿಗೆಗೆ ಮೊಬೈಲ್ ಟವರಿನ ಹಂಗಿಲ್ಲ. ದಡದ ಸಿಗ್ನಲ್ ಬಿಟ್ಟುಹೋದ ಕಡೆಯಲ್ಲೂ ದೋಣಿಯಿಂದ ಕಿರುಸಂದೇಶ ಹೋಗುತ್ತದೆ, ದಡದಿಂದ ಗಾಳಿಮಳೆಯ ಎಚ್ಚರಿಕೆ ದೋಣಿಗೆ ಬರುತ್ತದೆ.