ಮನೆಯಲ್ಲೇ ಊದಿ ಕಾಯಿಲೆ ಪತ್ತೆ ಮಾಡಬಹುದೇ?

ಬಸವೇಶ್ವರನಗರದ ಓದುಗರೊಬ್ಬರು ಕೇಳಿದ್ದಾರೆ: ‘ಎರಡು ಮಹಡಿ ಹತ್ತಿದರೆ ಅಮ್ಮನಿಗೆ ಏದುಸಿರು. ಫೋನಿಗೆ ಜೋಡಿಸುವ ಊದೋ ಯಂತ್ರ ತಂದರೆ ಆಸ್ತಮಾನೋ, ಸಿಒಪಿಡಿನೋ (ಶ್ವಾಸನಾಳ ಕಿರಿದಾಗಿಯೇ ಉಳಿಯುವ ದೀರ್ಘಕಾಲದ ಕಾಯಿಲೆ) ಗೊತ್ತಾಗುತ್ತಾ?’ ಗೊತ್ತಾಗಬಹುದು, ಊದುವಾಗ ತಿಳಿದವರು ನೋಡುತ್ತಿದ್ದರೆ.

ಊದಿಸಿ ಅಳೆಯುವುದನ್ನು ಶಾಸ್ತ್ರವಾಗಿಸಿದವನು ಲಂಡನ್ನಿನ ವೈದ್ಯ ಜಾನ್ ಹಚಿನ್ಸನ್. ನೀರಿನಲ್ಲಿ ಬೋರಲು ಹಾಕಿದ ಪಾತ್ರೆಯೊಳಕ್ಕೆ ನಾವಿಕರು, ಪೊಲೀಸರು, ಕುಸ್ತಿಪಟುಗಳು ಎನ್ನದೆ ಎರಡು ಸಾವಿರಕ್ಕೂ ಹೆಚ್ಚು ಜನರಿಂದ ಊದಿಸಿ, 1846ರಲ್ಲಿ ಲೆಕ್ಕ ಪ್ರಕಟಿಸಿದ. ಪಾತ್ರೆ ಎಷ್ಟು ಮೇಲೆದ್ದಿತೋ ಅಷ್ಟು ಗಾಳಿ. ಆಳು ಎತ್ತರವಾದಷ್ಟೂ ಗಾಳಿ ಹೆಚ್ಚೆಂದು ತಿಳಿದದ್ದು ಹೀಗೆ. ಆದರೆ ಗಾಳಿ ಎಷ್ಟು ಬೇಗ ಹೊರಬರುತ್ತದೆ ಎಂಬ ಪ್ರಶ್ನೆ ನೂರು ವರ್ಷ ಉಳಿದುಕೊಂಡಿತು. 1947ರಲ್ಲಿ ಫ್ರಾನ್ಸಿನ ಟಿಫ್ನೋ ಮೊದಲ ಸೆಕೆಂಡಿನ ಗಾಳಿಯನ್ನು ಬೇರೆಯಾಗಿ ಅಳೆದ. ಊದುಗೊಳವೆಯೊಳಗೆ ಮಸಿ ಕಟ್ಟಿದರೆ ಎದೆಯಲ್ಲಿ ಗಾಳಿಯಿದ್ದರೂ ಒಲೆಗೆ ತಡವಾಗಿ ಮುಟ್ಟುತ್ತದಲ್ಲ, ಶ್ವಾಸನಾಳ ಕಿರಿದಾದಾಗಲೂ ಅಷ್ಟೇ. ಶ್ವಾಸನಾಳ ಹಿಗ್ಗಿಸುವ ಔಷಧದ ಪಫ್ ಕೊಟ್ಟು ಕಾಲು ಗಂಟೆ ಬಿಟ್ಟು ಊದಿಸಿದಾಗಲೂ ಮೊದಲ ಸೆಕೆಂಡಿನ ಪಾಲು ಒಟ್ಟು ಗಾಳಿಯ ಶೇ 70ಕ್ಕಿಂತ ಕಡಿಮೆಯಿದ್ದರೆ ಸಿಒಪಿಡಿಯ ಶಂಕೆ. ಪಫ್‌ನಿಂದ ಉಸಿರು ಚೆನ್ನಾಗಿ ಸುಧಾರಿಸಿದರೆ ಆಸ್ತಮಾದ ಸುಳಿವು.

ನಮ್ಮೂರಿಗೆ ಉಬ್ಬಸ ದೂರದ ಮಾತಲ್ಲ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರ ಆಸ್ಪತ್ರೆ ಅಧ್ಯಯನದಲ್ಲಿ ಮಕ್ಕಳ ಆಸ್ತಮಾ 1979ರಲ್ಲಿ ಶೇ 9 ಇದ್ದದ್ದು 1999ಕ್ಕೆ ಶೇ 29.5 ಮುಟ್ಟಿತ್ತು. ಕೆಂಗೇರಿಯಿಂದ ಉಬ್ಬಸದವರು ಮೈಸೂರು ರಸ್ತೆಯ ಧೂಳು ಕುಡಿಯುತ್ತಾ ನಿಮ್ಹಾನ್ಸ್ ಬಳಿಯ ರಾಜೀವ್ ಗಾಂಧಿ ಎದೆರೋಗ ಸಂಸ್ಥೆಗೆ ಹೋಗುವುದೆಂದರೆ ಇಡೀ ದಿನದ ಕೆಲಸ. ಹಾಗಾಗಿ ದೂರದಿಂದಲೇ ಪರೀಕ್ಷಿಸುವ ಕನಸು ನನಗೆ ತುಂಬಾ ಇಷ್ಟ. ಶ್ವೇತಕ್ ಪಟೇಲ್ ಅವರ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ 2016ರಲ್ಲಿ ಸ್ಪೈರೋಕಾಲ್ ಎಂಬ ವಿಧಾನ ತೋರಿಸಿತು: ಸಾಮಾನ್ಯ ಫೋನಿಗೆ ಊದಿದ ಸದ್ದಿನಿಂದಲೇ ಲೆಕ್ಕ. ತಪ್ಪಿನ ಸರಾಸರಿ ಶೇ 6ರಷ್ಟು.

ಆದರೆ ಯಂತ್ರಕ್ಕಿಂತ ಊದುವ ರೀತಿ ಮುಖ್ಯ. ಲ್ಯಾಬಿನಲ್ಲಿ ತಂತ್ರಜ್ಞರು ‘ಜೋರಾಗಿ, ಊದಿ, ಊದಿ, ಬಿಡಬೇಡಿ, ಇನ್ನೂ ಊದಿ’ ಎಂದು ಬೆನ್ನು ಹತ್ತುತ್ತಾರೆ. ತುಟಿ ಸಡಿಲಾದರೆ, ಮೊದಲ ಸೆಕೆಂಡಿನಲ್ಲಿ ಕೆಮ್ಮಿದರೆ ಆ ಊದಾಟ ಲೆಕ್ಕಕ್ಕಿಲ್ಲ. ಒಬ್ಬರೇ ಊದಿ ಬರುವ ನಂಬರ್ ನೋಡಿ ಹೆದರುವುದೂ ಬೇಡ, ನಿಶ್ಚಿಂತರಾಗುವುದೂ ಬೇಡ. ಕೊಳ್ಳುವ ಮುಂಚೆ ಕೇಳಿ: ವಿಡಿಯೋ ಕಾಲ್‌ನಲ್ಲಿ ಊದಿಸುತ್ತಾರೆಯೇ? ನಂಬರ್ ಜೊತೆ ಗ್ರಾಫ್ ಕೂಡ ವೈದ್ಯರಿಗೆ ಹೋಗುತ್ತದೆಯೇ? ಅಮ್ಮನಿಗೆ ಇತ್ತೀಚೆಗೆ ಹೃದಯಾಘಾತವೋ ಕಣ್ಣಿನ ಆಪರೇಷನ್ನೋ ಆಗಿದ್ದರೆ ವೈದ್ಯರನ್ನು ಕೇಳದೆ ಊದಿಸಲೇಬೇಡಿ.